ಮೆತ್ತನ್ನ ಟ್ಯಾಕೋ ಕೊಟ್ರು, ಇದು ಖರೇ ಟ್ಯಾಕೋ ಹೌದೋ ಅಲ್ಲೋ?

ಉಣಕಲ್ ಹುಡುಗ

ನಮಸ್ಕಾರ್ರೀ ಎಲ್ಲಾರಿಗೂ. ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ಆಫೀಸ್ ಹಿಂದಿನ ಓಣ್ಯಾಗ ಒಂದು ಸಣ್ಣ ಟ್ಯಾಕೋ ಅಂಗಡಿ ಚಾಲೂ ಆಗೇತಿ, ಟ್ಯಾಕೋ ಅಂದ್ರ ರೊಟ್ಟ್ಯಾಗ ಪಲ್ಯ ಇಲ್ಲಾ ಮಾಂಸ ಇಟ್ಟು ಮಡಚಿ ತಿನ್ನೂ ಮೆಕ್ಸಿಕೋದ ತಿಂಡಿ. ಹೆಸರು ಹೇಳಂಗಿಲ್ಲ, ಅವರ ಮ್ಯಾಲ ಸಿಟ್ಟೇನಿಲ್ಲ, ಬರೇ ಒಂದು ಡೌಟ್ ಐತಿ. ಗೋಡಿಗೆ ಹಚ್ಚಿ ನಾಕು ಸ್ಟೂಲ್, ಕಣ್ಣ ಮುಂದನ ಹಂಚು, ಕಟ್ಟಿ ಮ್ಯಾಲ ಚಟ್ನಿ ಬಟ್ಟಲಾ, ಅಂಗಡಿ ಅಂದ್ರ ಅಷ್ಟ. ಮೊನ್ನೆ ಅಕ್ಕನ್ನ, ಮಾಮಾನ್ನ, ನಮ್ಮವ್ವನ್ನ ಕರ್ಕೊಂಡು ಹೋಗಿದ್ದೆ. ಚಿಕನ್ ಟ್ಯಾಕೋ ಹೇಳಿದ್ರ ಅಂವ ಏನ್ ಕೊಟ್ಟ ಅಂದ್ರ ಅಂಗೈಯಷ್ಟು ಅಗಲದ ಮೆತ್ತನ್ನ ರೊಟ್ಟಿ, ಅದೂ ಒಂದರ ಮ್ಯಾಲ ಒಂದು ಎರಡು, ಅದರ ಮ್ಯಾಲ ಸಣ್ಣಗ ಹೆಚ್ಚಿದ ಚಿಕನ್, ಹಸಿ ಉಳ್ಳಾಗಡ್ಡಿ, ಕೋತಂಬ್ರಿ, ಬಾಜೂಕ ಒಂದು ಲಿಂಬಿಹೋಳು. ಚೀಸ್ ಇಲ್ಲ, ಮಯೋನೀಸ್ ಇಲ್ಲ, ಸೊಪ್ಪು ಇಲ್ಲ. ಮೂರಕ್ಕ ₹240. ನಮ್ಮ ಮಾಮಾ ಬೆಂಗಳೂರಾಗ ಮಾಲ್‌ನ್ಯಾಗ ತಿಂದಂವ, "ಟ್ಯಾಕೋ ಅಂದ್ರ ಕಡದ ಕೂಡ್ಲೇ ಕಟ್ ಅನ್ನಬೇಕೋ ತಮ್ಮಾ, ಇಂವ ಕರಿಯೂ ಎಣ್ಣಿ ಉಳಿಸ್ಯಾನ" ಅಂತ ಅಂವಗ ಕೇಳೂಹಂಗ ಅಂದಬಿಟ್ಟ. ಅಂಗಡಿ ಹುಡುಗ ನಕ್ಕೋತ "ಸರ್ ಅದು ಅಮೆರಿಕಾದ್ದು" ಅಂದು ಹಂಚಿನ ಕಡೆ ತಿರುಗಿದ.

ಈಗ ನನ್ನ ಪ್ರಶ್ನೆ. ಖರೇ ಟ್ಯಾಕೋ ಯಾವ್ದು, ಮೆತ್ತನ್ನದೋ ಕಡಕ್ಕೋ? ಎರಡು ರೊಟ್ಟಿ ಯಾಕ ಹಾಕ್ತಾರ? ಆಮ್ಯಾಲೆ ನಮ್ಮವ್ವ ತತ್ತಿನೂ ಮುಟ್ಟಂಗಿಲ್ಲ, ಅಕಿ ಕಾಳಿನ ಟ್ಯಾಕೋ ಒಂದ ತಿಂದು "ಬಿಸಿ ಐತಿ, ಅದಕ್ಕ ರುಚಿ ಐತಿ" ಅಂದು ಸುಮ್ಮನಾದ್ಲು, ಅಕಿಗೆ ಬ್ಯಾರೆ ಏನ್ ಹೇಳಬಹುದಿತ್ತು? ಮತ್ತ ತಿನ್ನೂಮುಂದ ಅರ್ಧಾ ನನ್ನ ಅಂಗಿ ಮ್ಯಾಲ ಬಿತ್ತು, ಅದಕ್ಕೂ ಏನರ ಉಪಾಯ ಇದ್ರ ಹೇಳ್ರಿ.

ಸಪ್ತಾಪುರದಾಕಿ

ಅಂಗಡಿ ಹುಡುಗ ಹೇಳಿದ್ದು ಬರೋಬ್ಬರಿ ಅದ. ನಾವು ಕೆಲವು ವರ್ಷ ಲಾಸ್ ಏಂಜಲಿಸ್ ಹತ್ರ ಇದ್ವಿ. ಮನಿ ಹತ್ರಾನೇ ಒಂದು ಟಾಕೇರಿಯಾ, ಅಂದ್ರ ಟ್ಯಾಕೋ ಅಂಗಡಿ ಇತ್ತು, ಲಾಂಡ್ರಿ ಬಾಜೂಕ, ಮಷಿನ್‌ಗೆ ಬಟ್ಟಿ ಹಾಕಿ ಅಲ್ಲಿ ಹೋಗಿ ನಿಂದ್ರೂದು, ಬಟ್ಟಿ ಒಣಗೂದ್ರಾಗ ನಮ್ಮ ಊಟಾನೂ ಮುಗೀತಿತ್ತು. ಅಲ್ಲಿ ಯಾರೂ ಕುರುಕುರು ಟ್ಯಾಕೋ ಕೇಳಿದ್ದು ನಾ ನೋಡಿಲ್ಲ. ಮೆಕ್ಸಿಕೋದಾಗ ಕರಿದ ಟ್ಯಾಕೋ ಇಲ್ಲವೇ ಇಲ್ಲ ಅಂತ ಹೇಳ್ಲಿಕ್ಕೆ ಬರೂದಿಲ್ಲ, ಅದ, ಆದ್ರ ಅಲ್ಲಿ ಮೊದಲು ತುಂಬಿ ಮಡಚಿ ಆಮ್ಯಾಲೆ ಎಣ್ಣಿಗೆ ಬಿಡ್ತಾರ. ಅಚ್ಚಿನ್ಯಾಗ ಇಟ್ಟು ಕರಿದು, ಡಬ್ಬ್ಯಾಗ ತುಂಬಿಟ್ಟು, ಬೇಕಾದಾಗ ತಗದು ಖೀಮಾ, ಸೊಪ್ಪು, ಹಳದಿ ಚೀಸ್ ಸುರೂದು ಅಮೆರಿಕಾದಾಗ ಬೆಳದ ಪದ್ಧತಿ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಾಗ ಮಿಟ್ಲಾ ಕೆಫೆ ಅಂತ ಮೆಕ್ಸಿಕನ್ ಹೋಟೆಲ್ ಅದ, 1937ರಾಗ ಶುರು ಆದದ್ದು. ಅದರ ಎದುರಿಗೆ ಗ್ಲೆನ್ ಬೆಲ್ ಅನ್ನಾಂವ ಬರ್ಗರ್ ಹಾಟ್‌ಡಾಗ್ ಮಾರ್ಕೋತ ಕೂತಿದ್ದ, ಇವರ ಕಡೆ ಮಂದಿ ಸಾಲು ಹಚ್ಚೂದು ನೋಡಿ ಟ್ಯಾಕೋ ಹ್ಯಾಂಗ ಮಾಡ್ತಾರ ಅಂತ ಕಲ್ತ, ಮುಂದ 1962ರಾಗ ಡೌನಿ ಅನ್ನೂ ಊರಾಗ ಟ್ಯಾಕೋ ಬೆಲ್ ತಗದ. ಆ ಕಂಪನಿ 2010ರಾಗ ಬೆಂಗಳೂರಿಗೆ ಬಂತು. ನಿಮ್ಮ ಮಾಮಾ ಹೇಳೂ ಟ್ಯಾಕೋದ ವಂಶಾವಳಿ ಇದು. ಅದೂ ತಿನ್ನಲಿಕ್ಕೆ ಚಲೋನೇ ಇರ್ತದ, ನನಗ ಅದರ ಮ್ಯಾಲ ದ್ವೇಷ ಏನಿಲ್ಲ, ಆದ್ರ ಅದನ್ನ ಹಿಡ್ಕೊಂಡು ಈ ಹುಡುಗನ್ನ ಅಳೀಬ್ಯಾಡ್ರಿ.

ಎರಡು ರೊಟ್ಟಿ ಯಾಕಂದ್ರ ಗೋವಿನಜೋಳದ ರೊಟ್ಟಿ ರಸಾ ಕುಡದು ಹರೀತದ, ಮ್ಯಾಲಿಂದು ಹರದ್ರ ಕೆಳಗಿಂದು ಹಿಡೀತದ. ಮಾಲು ಜಾಸ್ತಿ ಹಾಕಿದ್ರ ಎರಡೂ ಬಿಡಿಸಿ ಒಂದರಾಗಿಂದ ಎರಡು ಟ್ಯಾಕೋ ಮಾಡ್ಕೊಂಡು ತಿನ್ನೋರೂ ಇರ್ತಾರ.

ಇನ್ನ ಅಂಗಿ ವಿಷಯ. ಟ್ಯಾಕೋ ಬಾಯಿ ಹತ್ರ ತರಬ್ಯಾಡ್ರಿ, ನೀವೇ ತಟ್ಟಿ ಮ್ಯಾಲ ಬಗ್ಗಿ ಕುತ್ತಿಗಿ ಓರೆ ಮಾಡ್ರಿ. ಮೂರು ಬೆರಳಿನ್ಯಾಗ ಹಿಡದು ಹಿಂದಿನ ತುದಿ ಚೂರು ಎತ್ರಿ. ಕೂತು ತಿನ್ನೂಕಿಂತ ನಿಂತು ತಿನ್ನೂದು ಅನುಕೂಲ, ಬಿದ್ರ ತಟ್ಟ್ಯಾಗೇ ಬೀಳ್ತದ. ಮತ್ತ ಎಲ್ಲಾ ಒಮ್ಮೆಲೇ ಹೇಳಬ್ಯಾಡ್ರಿ. ಎರಡು ಹೇಳ್ರಿ, ತಿನ್ರಿ, ಮತ್ತ ಎರಡು ಹೇಳ್ರಿ. ಮೂರನೇದು ಪಾಳಿ ಬರೂತನಕ ತಟ್ಟ್ಯಾಗೇ ತಣ್ಣಗಾಗಿ ಚರ್ಮದಂಗ ಆಗಿರ್ತದ, ಆಮ್ಯಾಲೆ ಅಂಗಡ್ಯಾಂವನ್ನ ಬೈಯೂದು.

ಖಾನಾವಳಿ ಖಾಯಂ ಗಿರಾಕಿ

ಅಲ್ರೀ ₹240ಕ್ಕ ಅಂಗೈಯಷ್ಟು ಮೂರು ರೊಟ್ಟಿ?? ಆ ರೊಕ್ಕ ತಗೊಂಡು ಸಾವಜಿ ಖಾನಾವಳಿಗೆ ಹೋದ್ರ ಖೀಮಾ, ರೊಟ್ಟಿ, ಅನ್ನ, ಆ ಕೆಂಪು ರಸಾ, ಎಲ್ಲಾ ಮುಗಿಸಿ ಹಣಿ ಮ್ಯಾಲಿನ ಬೆವರು ಒರಸಿಕೋತ ಹೊರಗ ಬರ್ತೀರಿ. ಇಲ್ಲಿ ಹಸಿ ಉಳ್ಳಾಗಡ್ಡಿ ಕೋತಂಬ್ರಿ ಉದುರಿಸಿದ್ದಕ್ಕ ಫಾರಿನ್ ರೇಟ್. ಗಿರಮಿಟ್ ಮ್ಯಾಲೂ ಅದನ್ನ ಹಾಕ್ತಾರಲ್ಲ, ನಾಳೆಯಿಂದ ದುರ್ಗದಬೈಲ್‌ನ್ಯಾಗ ಮೆಕ್ಸಿಕನ್ ಗಿರಮಿಟ್ ಅಂತ ಬೋರ್ಡ್ ಹಾಕಿದ್ರ ಅವರೂ ₹80 ತಗೋಬಹುದು. ನಿಂತು ತಿನ್ರಿ ಅಂತ ಬ್ಯಾರೆ ಹೇಳಾಕತ್ತೀರಿ ಅಕ್ಕಾರ, ಸ್ಟೂಲಿಗೂ ರೊಕ್ಕ ಕೊಟ್ಟಿರತೇವಿ ನಾವು.

ಬೆಟಗೇರಿ ಬಾಣಸಿಗ

ಖಾಯಂ ಅಣ್ಣಾ, ರೇಟ್ ವಿಷಯದಾಗ ನಿಮ್ಮ ಮಾತು ತಗದ ಹಾಕಾಕ ಬರಂಗಿಲ್ಲ. ಮೆಕ್ಸಿಕೋದಾಗ ಇದು ರಸ್ತಾ ಮ್ಯಾಲಿನ ತಿಂಡಿ, ಕೂಲಿ ಮಾಡೋರೂ ತಿಂತಾರ ಸೂಟ್ ಹಾಕ್ಕೊಂಡೋರೂ ತಿಂತಾರ, ಒಂದ ಕಟ್ಟಿಗೆ ನಿಂತ ತಿಂತಾರ. ನಿಲ್ಲೂದು ಅಂದ್ರ ಕಮ್ಮಿ ದರ್ಜಾ ಅಂತ ತಿಳೀಬ್ಯಾಡ್ರಿ, ಮೆಕ್ಸಿಕೋ ಸಿಟಿಯೊಳಗ ಎಲ್ ಕಲೀಫಾ ದೆ ಲಿಯೋನ್ ಅಂತ ಅಂಗಡಿ ಐತಿ, 1968ರಿಂದ ನಡಸಾಕತ್ತಾರ, ಮೆನು ಅಂದ್ರ ನಾಕ ನಮೂನಿ ಟ್ಯಾಕೋ, ಕೂಡಾಕ ಜಾಗಾ ಇಲ್ಲ, ಅದಕ್ಕ 2024ರಾಗ ಮಿಶೆಲಿನ್ ಸ್ಟಾರ್ ಬಂತು, ಹೋಟೆಲ್‌ಗಳಿಗೆ ಕೊಡೂ ಭಾಳ ದೊಡ್ಡ ಮರ್ಯಾದಿ ಅದು. ನಮ್ಮ ಕಡೆ ತುಟ್ಟಿ ಆಗೂದು ಚಿಕನ್ ಸಲುವಾಗಿ ಅಂತ ಮಂದಿ ತಿಳಕೋತಾರ, ಖರೇ ಅಂದ್ರ ರೊಟ್ಟಿನ ತುಟ್ಟಿ. ಸುಣ್ಣದ ನೀರಾಗ ಕುದಿಸಿದ ಗೋವಿನಜೋಳದ ಹಿಟ್ಟು ಹೊರದೇಶದಿಂದ ತರಸಬೇಕು, ಇಲ್ಲಾ ದೊಡ್ಡ ಊರಿಂದ ತಯಾರಾದ ರೊಟ್ಟಿ ಫ್ರೀಜರ್‌ನ್ಯಾಗ ಇಟ್ಕೊಂಡು ಬರಬೇಕು.

ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಗೋವಾದಾಗ, ಪುಣೆದಾಗ ಕಿಚನ್‌ನ್ಯಾಗ ದುಡದಂವ, ಈಗ ಊರಾಗ ಕೇಟರಿಂಗ್ ಮಾಡ್ತೇನಿ. ಹೊಸಾ ಟ್ಯಾಕೋ ಅಂಗಡಿಗೆ ಹೋದ್ರ ನಾ ಮೊದಲ ನೋಡೂದು ರೊಟ್ಟಿ, ಉಳದದ್ದೆಲ್ಲಾ ಆಮ್ಯಾಲೆ. ಆ ರೊಟ್ಟಿಗೆ ಟೋರ್ಟಿಯಾ ಅಂತಾರ, ಮೈದಾ ಟೋರ್ಟಿಯಾ ಆದ್ರ ಮೋಸಾ ಅನ್ನಬ್ಯಾಡ್ರಿ, ಮೆಕ್ಸಿಕೋದ ಉತ್ತರಕ್ಕ ಸೊನೋರಾ ಕಡೆ ಗೋಧಿ ಬೆಳೀತಾರ, ಅಲ್ಲಿ ಗೋಧಿದ್ದ ಪದ್ಧತಿ. ಆದ್ರ ಮುಂಜಾನಿ ಮಾಡಿಟ್ಟ ಚಪಾತಿ ಬಟ್ಟಲ್ಲೆ ಕತ್ತರಿಸಿ ಟ್ಯಾಕೋ ಅಂತ ಕೊಡೋರೂ ಅದಾರ, ಅದಕ್ಕ ಏನಂತೀರೋ ಅನ್ರಿ. ಗೋವಿನಜೋಳದ್ದು ಆದ್ರ ಮೂಗಿನ ಹತ್ರ ಹಿಡದ ನೋಡ್ರಿ. ಹಸಿ ಹಿಟ್ಟಿನ ವಾಸನಿ ಬರಬಾರದು. ಸುಣ್ಣದ ನೀರಾಗ ಕುದಿಸಿ ನೆನಸಿದ ಜೋಳಕ್ಕ ಬ್ಯಾರೆನ ಒಂದು ಘಮ ಇರ್ತೈತಿ, ಒಮ್ಮೆ ಗುರ್ತ ಹತ್ತಿದ್ರ ಮರಿಯಂಗಿಲ್ಲ. ಮಡಚಿದ ಕಡೆ ಸೀಳಿದ್ರ ಒಂದೋ ತಣ್ಣಗಾಗೇತಿ ಇಲ್ಲಾ ಹಳೇದು. ಹಂಚಿನ ಮ್ಯಾಲ ತಿರುವಿ ಹಾಕಿದಾಗ ಅಲ್ಲಲ್ಲಿ ಕಂದು ಚುಕ್ಕಿ ಎದ್ದು ಸ್ವಲ್ಪ ಉಬ್ಬಿದ್ರ ಅಲ್ಲೆ ಊಟ ಮಾಡ್ರಿ.

ಈ ಸುಣ್ಣದ ಕೆಲಸಾ ಸಣ್ಣದಲ್ಲ. ಸುಣ್ಣಕ್ಕ ಜೋಳದ ಮ್ಯಾಲಿನ ಸಿಪ್ಪಿ ಸಡಲಾಗ್ತೈತಿ, ರುಬ್ಬಿದ ಹಿಟ್ಟು ಕೂಡಿ ಹಿಡೀತೈತಿ. ಬರೇ ಗೋವಿನಜೋಳದ ಒಣಾ ಹಿಟ್ಟು ನಾದಿ ರೊಟ್ಟಿ ಬಡದ್ರ ಅಂಚೆಲ್ಲಾ ಸೀಳ್ತಾವ, ಮನ್ಯಾಗ ಮಾಡಿದೋರಿಗೆ ಗೊತ್ತಿರ್ತೈತಿ. ಅದಕ್ಕಿಂತ ದೊಡ್ಡದಂದ್ರ ಗೋವಿನಜೋಳದಾಗಿನ ನಿಯಾಸಿನ್ ಅನ್ನೂ ವಿಟಮಿನ್ ಸುಣ್ಣಾ ಹಾಕದಿದ್ರ ಮೈಗೆ ಹತ್ತಂಗಿಲ್ಲ. ಯುರೋಪಿನವರು ಆ ಕಡೆಯಿಂದ ಗೋವಿನಜೋಳ ಒಯ್ದ್ರು, ಸುಣ್ಣದ ಪದ್ಧತಿ ಅಲ್ಲೇ ಬಿಟ್ಟ ಹೋದ್ರು. ಮುಂದ ಇಟಲಿಯ ಉತ್ತರದಾಗ, 20ನೇ ಶತಮಾನದ ಶುರುವಿಗೆ ಅಮೆರಿಕಾದ ದಕ್ಷಿಣದಾಗ, ಬರೇ ಗೋವಿನಜೋಳಾ ತಿನ್ನೂ ಬಡವರಿಗೆ ಪೆಲಾಗ್ರಾ ಬ್ಯಾನಿ ಹತ್ತಿ ಮೈಚರ್ಮ ಸುಲಿದು, ತಲಿ ಕೆಟ್ಟು, ಭಾಳ ಮಂದಿ ಸತ್ರು. ಮೆಕ್ಸಿಕೋದ ಹೆಣ್ಮಕ್ಕಳು ಯಾವ ಲ್ಯಾಬೂ ಇಲ್ಲದ ಸಾವಿರಾರು ವರ್ಷದಿಂದ ಮಾಡಿಕೋತ ಬಂದಿದ್ರು ಇದನ್ನ.

ನಿಮ್ಮ ಅವ್ವಾರ ವಿಷಯಕ್ಕ ಬರೂಣು. ಅಣಬಿ ತಿಂತಾರ ಅಂದ್ರ ಅಣಬಿ ಟ್ಯಾಕೋ ಹೇಳ್ರಿ, ಜೋರು ಉರಿ ಮ್ಯಾಲ ನೀರು ಪೂರಾ ಹಾರೂಹಂಗ ಹುರಿ ಅಂತ ಹೇಳ್ರಿ, ಇಲ್ಲಾಂದ್ರ ರೊಟ್ಟಿ ತೊಯ್ದು ಹೋಗ್ತೈತಿ. ಅಣಬಿ ಒಲ್ಲೆ ಅಂದ್ರ ದಪ್ಪ ಮೆಣಸಿನಕಾಯಿ ಸುಟ್ಟು ಸಿಪ್ಪಿ ತಗದು ಉದ್ದಕ ಸೀಳಿ ಕೆನಿಯೊಳಗ ಬಾಡಿಸಿದ್ದು ಅಲ್ಲಿ ಖಾಸ್ ಪದಾರ್ಥ, ಅಂಗಡ್ಯಾಂವ ಕಲತಂವ ಆಗಿದ್ರ ಹೆಸರು ಹೇಳಿದ ಕೂಡ್ಲೇ ತಿಳೀತೈತಿ, ರಾಹಾಸ್ ಅಂತ. ಆಲೂಗಡ್ಡಿದೂ ನಡೀತೈತಿ. ಕುಂಬಳ ಹೂವು, ಪಾಪಾಸಕಳ್ಳಿ ಎಲಿ ಕೂಡ ಅಲ್ಲಿ ಟ್ಯಾಕೋ ಒಳಗ ಹೋಗ್ತಾವ, ಇಲ್ಲಿ ಅವನ್ನ ಕೇಳಬ್ಯಾಡ್ರಿ, ಹುಡುಗ ಓಡಿ ಹೋದಾನು. ಅವ್ವಾರು ಅಷ್ಟು ಕಟ್ಟುನಿಟ್ಟು ಇದ್ರ ಮೊದಲು ಕೇಳೂದು ಒಂದ, ಚಿಕನ್ ಹುರಿಯೂ ಹಂಚಿನ ಮ್ಯಾಲ ವೆಜ್ ರೊಟ್ಟಿ ಬಿಸಿ ಮಾಡ್ತಾರೇನು? ಸಣ್ಣ ಅಂಗಡ್ಯಾಗ ಒಂದ ಹಂಚು ಇರ್ತೈತಿ.

ಚಟ್ನಿದು ಒಂದ ಮಾತು. ಹಸರಂದ್ರ ತಂಪು ಅಂತ ಹಸರು ಚಟ್ನಿ ಸುರಕೋಬ್ಯಾಡ್ರಿ, ಭಾಳ ಕಡೆ ಹಸರಿಂದ ಖಾರ, ಕೆಂಪಿಂದು ಬರೇ ಬಣ್ಣ. ಬೆರಳಿಗೆ ಹಚ್ಚಿ ನೋಡಿ ಹಾಕ್ಕೋರಿ.

ಕೆಸಿಡಿ ಬ್ಯಾಕ್‌ಬೆಂಚ್

ನಾನು ಶಿವಮೊಗ್ಗ ಕಡೆಯವನು, ಧಾರವಾಡದಲ್ಲಿ ಓದ್ತಾ ಇದೀನಿ, ಆ ಅಂಗಡಿಗೆ ಚಿಗರಿ ಬಸ್ ಹತ್ತಿ ಬಂದು ಫ್ರೆಂಡ್ಸ್ ಜೊತೆ ನಾಚೋಸ್ ತಿಂದು ಹೋಗೋರು ನಾವು, ಟ್ಯಾಕೋ ಯಾರೂ ತಗೊಳಲ್ಲ ಯಾಕಂದ್ರೆ ನಾಲ್ಕು ಜನಕ್ಕೆ ಒಂದು ಪ್ಲೇಟ್ ನಾಚೋಸ್ ಆಗುತ್ತೆ. ಅದೂ ಅಮೆರಿಕದ್ದೇನಾ ಹಾಗಾದ್ರೆ? ಗ್ವಾಕಮೋಲೆಗೆ ಎಕ್ಸ್‌ಟ್ರಾ ₹90 ಹಾಕ್ತಾರೆ, ಅದು ವರ್ತ್ ಇದ್ಯಾ?

ಬೆಟಗೇರಿ ಬಾಣಸಿಗ

ನಾಚೋಸ್ ಗಡಿದ್ದು ತಮ್ಮಾ. ಅಮೆರಿಕಾಕ್ಕ ಹಚ್ಚಿ ಇರೂ ಪಿಯೆದ್ರಾಸ್ ನೆಗ್ರಾಸ್ ಅನ್ನೂ ಮೆಕ್ಸಿಕೋದ ಊರಾಗ ಇಗ್ನಾಸಿಯೋ ಅನಾಯಾ ಅನ್ನಾಂವ 1940ರ ದಶಕದಾಗ ಮಾಡಿದ್ದು, ಕರಿದ ರೊಟ್ಟಿ ಚೂರು, ಚೀಸ್, ಹಲಪೀನ್ಯೋ ಮೆಣಸಿನಕಾಯಿ, ಮೂರ ಸಾಮಾನು. ಆ ಹಳದಿ ಚೀಸ್ ನೀರು ಪಂಪಿನಿಂದ ಬಿಡೂದು ಆಮ್ಯಾಲಿಂದು. ಗ್ವಾಕಮೋಲೆ ನಿಮ್ಮ ಮುಂದ ಬೆಣ್ಣಿಹಣ್ಣು ಒಡದು ಉಪ್ಪು, ಲಿಂಬಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಹಿಚುಕಿದ್ರ ₹90 ಕೊಡ್ರಿ. ಫ್ರಿಜ್‌ನಿಂದ ಬಂದು ನುಣ್ಣಗ ಕ್ರೀಮ್ ಗತೆ ಇದ್ರ ಅದರಾಗ ಮಯೋನೀಸ್ ಐತಿ ಅಂತನ ತಿಳಕೋರಿ.

ಬ್ಯಾಡಗಿ ಕಡ್ಡಿ

ಖಾಯಂ ಗಿರಾಕಿ ಅಣ್ಣಾರ, ಫಾರಿನ್ ರೇಟ್ ಅಂದ್ರಿ, ಫಾರಿನ್ ಏನೈತಿ ಅದ್ರಾಗ? ನಿಮ್ಮ ಸಾವಜಿ ರಸಾ ಕೆಂಪಾಗಿದ್ದು ಮೆಣಸಿನಕಾಯಿಂದ, ಮೆಣಸಿನಕಾಯಿ ಬಂದಿದ್ದ ಮೆಕ್ಸಿಕೋ ಕಡೆಯಿಂದ, ಪೋರ್ಚುಗೀಸರು ಹಡಗನ್ಯಾಗ ಹಾಕ್ಕೊಂಡು ಗೋವಾಕ್ಕ ತಂದ್ರು, ಅಲ್ಲಿಂದ ಘಟ್ಟ ಹತ್ತಿ ನಮ್ಮ ಹೊಲಕ್ಕ ಬಂತು. ಗೋವಿನಜೋಳಾನೂ ಅಲ್ಲಿಂದ. ಟೊಮೆಟೊನೂ ಅಲ್ಲಿಂದ. ಹಾವೇರಿ ಜಿಲ್ಲಾದಾಗ ಮುಂಗಾರಿಗೆ ಎಲ್ಲಿ ನೋಡಿದ್ರೂ ಗೋವಿನಜೋಳ, ರಾಣೆಬೆನ್ನೂರ ಮಾರ್ಕೆಟ್ಟಿಗೆ ಲಾರಿಗಟ್ಲೆ ಬರ್ತೈತಿ, ಬಂದದ್ರಾಗ ಹೆಚ್ಚಿಂದು ಕೋಳಿ ಫೀಡಿಗೆ, ಸ್ಟಾರ್ಚ್ ಫ್ಯಾಕ್ಟರಿಗೆ ಹೋಗ್ತೈತಿ. ನಾವು ಬೆಳದ ಕೋಳಿಗೆ ಹಾಕ್ತೇವಿ, ಆಮ್ಯಾಲೆ ಅದರ ರೊಟ್ಟಿನ ಐಸ್‌ನ್ಯಾಗ ಇಟ್ಟು ಬ್ಯಾರೆ ಊರಿಂದ ತರಸ್ತೇವಿ, ನನಗ ಸಿಟ್ಟ ಬರೂದು ಇಲ್ಲಿ, ರೇಟಿಗಲ್ಲ.

ಕೆಂಪು ಚಟ್ನಿ ಬಗ್ಗೆ ಬಾಣಸಿಗ ಅಣ್ಣಾರು ಒಂದ ಸಾಲಿನ್ಯಾಗ ಮುಗಿಸಿಬಿಟ್ರು, ನಾ ಬಿಡಂಗಿಲ್ಲ. ಅಲ್ಲಿ ಗ್ವಾಹೀಯೋ ಅಂತ ಒಣಮೆಣಸಿನಕಾಯಿ ಬಳಸ್ತಾರ, ಬಣ್ಣ ಜಾಸ್ತಿ, ಖಾರ ಕಮ್ಮಿ. ಬ್ಯಾಡಗಿದೂ ಅದ ಸ್ವಭಾವ. 2011ರಾಗ ಜಿಐ ಟ್ಯಾಗ್ ಸಿಕ್ಕೈತಿ, ಬಣ್ಣ ತಗಿಯೂ ಓಲಿಯೋರೆಸಿನ್ ಫ್ಯಾಕ್ಟರಿಯವರು ಮುಗಿಬಿದ್ದು ಒಯ್ತಾರ. ಡಬ್ಬಿ, ಕಡ್ಡಿ ಅಂತ ಎರಡು ಜಾತಿ, ಡಬ್ಬಿ ಗಿಡ್ಡ, ಉಬ್ಬಿರ್ತೈತಿ, ಕಡ್ಡಿ ಉದ್ದ, ಸುಕ್ಕು ಸುಕ್ಕು. ನಾ ಮನ್ಯಾಗ ಮಾಡೂದು ಹಿಂಗ, ಕಡ್ಡಿ ಮೆಣಸಿನಕಾಯಿ ತೊಟ್ಟು ತಗದು ಬೀಜಾ ಜಾಡಿಸಿ ಬಿಸಿ ಹಂಚಿಗೆ ಒತ್ತಿ ಹಿಡಿಯೂದು, ಬಣ್ಣ ಚೂರು ತಿರುಗಿ ಘಾಟು ಎದ್ದ ಕೂಡ್ಲೇ ತಗದಬಿಡೂದು, ಕರ್ರಗ ಮಾಡಿದ್ರಿ ಅಂದ್ರ ಚಟ್ನಿ ಕಹಿ, ಅದಕ್ಕ ಔಷಧ ಇಲ್ಲ. ಬಿಸಿನೀರಾಗ ಮೆತ್ತಗಾಗೂತನಕ ನೆನಸಬೇಕು. ಅದ ಹಂಚಿನ ಮ್ಯಾಲ ಟೊಮೆಟೊ, ಸಿಪ್ಪಿ ಸಮೇತ ಬಳ್ಳೊಳ್ಳಿ ಸುಡಬೇಕು. ಎಲ್ಲಾ ಕೂಡಿಸಿ ಉಪ್ಪು ಹಾಕಿ ರುಬ್ಬಿದ್ರ ಆತು. ಖಾರ ಬೇಕಂದ್ರ ಒಂದೆರಡು ಗುಂಟೂರು ಹಾಕ್ರಿ. ಒಗ್ಗರಣಿ ಹಾಕಬ್ಯಾಡ್ರಿ ದಯವಿಟ್ಟು, ಸಾಸಿವಿ ಕರಿಬೇವು ಹಾಕಿದ್ರ ಅದು ಮತ್ತ ನಮ್ಮ ಮನಿ ಚಟ್ನಿನ.

ಸಪ್ತಾಪುರದಾಕಿ

ಬ್ಯಾಡಗಿ ಅಣ್ಣಾರ್ದು ಮಾಡಿ ನೋಡ್ತೀನಿ. ಬಾಣಸಿಗ ಅವರು ವೆಜ್ ಬಗ್ಗೆ ಹೇಳಿದ್ದಕ್ಕ ಒಂದು ಸೇರಸ್ಲಿಕ್ಕೆ ಬೇಕು, ನಮ್ಮ ಕಡೆ ಹುಡುಗರು ಅಮೆರಿಕಾಕ್ಕ ಹೋಗೋರು ಇದನ್ನ ಓದ್ತಿರಬಹುದು. ಅಲ್ಲಿ ಕಾಳಿನ ಪಲ್ಯ ಅಂದ ಕೂಡ್ಲೇ ಶಾಕಾಹಾರ ಅಂತ ತಿಳೀಬ್ಯಾಡ್ರಿ, ಹಳೇ ಪದ್ಧತಿ ಅಂಗಡಿಗಳೊಳಗ ಹಂದಿ ಕೊಬ್ಬಿನ್ಯಾಗ ಹುರೀತಾರ, ಕೆಂಪು ಅನ್ನ ಕೋಳಿ ಕುದಿಸಿದ ನೀರಾಗ ಮಾಡಿರ್ತಾರ, ಮೈದಾ ಟೋರ್ಟಿಯಾಕ್ಕೂ ಅದೇ ಕೊಬ್ಬು ಹಾಕೋರು ಅದಾರ. ಗೋವಿನಜೋಳದ ರೊಟ್ಟಿಗೆ ಸಾಧಾರಣವಾಗಿ ಗೋವಿನಜೋಳ, ಸುಣ್ಣ, ನೀರು ಬಿಟ್ರ ಏನೂ ಇರೂದಿಲ್ಲ. ಬಾಯಿ ಬಿಟ್ಟು ಕೇಳ್ರಿ, ಅವರು ಬ್ಯಾಸರ ಮಾಡ್ಕೊಳ್ಳೂದಿಲ್ಲ.

ಮತ್ತ ಅಲ್ಲಿ ತಿರುಗೂ ಕಂಬಕ್ಕ ಮಾಂಸ ಚುಚ್ಚಿ ಸುಡ್ತಾರ, ತುದಿಗೆ ಅನಾನಸ್, ಅಲ್ ಪಾಸ್ತೋರ್ ಅಂತ. ಅದು ಲೆಬನಾನ್ ಕಡೆಯಿಂದ ಮೆಕ್ಸಿಕೋಕ್ಕ ಹೋಗಿ ನೆಲಸಿದವರು ಒಯ್ದ ಶವರ್ಮಾನೇ, ಪುಯೆಬ್ಲಾ ಊರಾಗ ಶುರು ಆಗಿ ಕುರಿ ಹೋಗಿ ಹಂದಿ ಬಂತು. ಇಲ್ಲಿ ಚಿಕನ್‌ದಾಗ ಮಾಡ್ತಾರ. ನಮ್ಮ ಯಜಮಾನ್ರು ಅದರ ಸಲುವಾಗಿ ಎರಡು ಸಿಗ್ನಲ್ ದಾಟಿ ಹೋಗ್ತಿದ್ರು, ನಾ ಅಣಬಿದರ ಮ್ಯಾಲೇ ಇದ್ದಾಕಿ.

ಖಾನಾವಳಿ ಖಾಯಂ ಗಿರಾಕಿ

ಎಲ್ಲಾ ಓದಿದೆ. ಸ್ಟಾರ್ ಬಂದ ಅಂಗಡಿ, ಲೆಬನಾನ್, ಪೋರ್ಚುಗೀಸರು, ಎಲ್ಲಾ ಖರೇ ಇರಬಹುದು, ಆದ್ರ ನನ್ನ ಹೊಟ್ಟಿ ತುಂಬೂ ಲೆಕ್ಕ ಯಾರೂ ಹೇಳಲಿಲ್ಲ. ಮೂರು ಟ್ಯಾಕೋ ತಿಂದು ಮನಿಗೆ ಬಂದು ಅನ್ನ ಸಾರು ಉಣ್ಣೂದಾದ್ರ ನಾ ನೇರ ಮನಿಗೇ ಹೋಗ್ತೇನಿ. ಆ ಬ್ಯಾಡಗಿ ಚಟ್ನಿ ಅಷ್ಟ ಬರಕೊಂಡೇನಿ.

ಉಣಕಲ್ ಹುಡುಗ

ಭಾಳ ಉಪಕಾರ್ರೀ ಎಲ್ಲಾರಿಗೂ. ಇವತ್ತ ಆಫೀಸ್ ಬಿಟ್ಟ ಮ್ಯಾಲ ಹೋಗಿ ಅಂಗಡಿ ಹುಡುಗನ್ನ ಕೇಳಿದೆ. ರೊಟ್ಟಿ ಫ್ರೋಜನ್ ಅಂತ, ಮುಚ್ಚಿಡದ ಹೇಳಿದ, ತಾನ ಮಾಡಬೇಕಂತ ಆಸೆ ಐತಂತ ಆದ್ರ ರುಬ್ಬೂ ಕಲ್ಲಿಗೆ ಬಂಡವಾಳ ಇಲ್ಲ. ಕೆಂಪು ಚಟ್ನಿ ಬ್ಯಾಡಗಿದ. ಹಂಚು ಮಾತ್ರ ಒಂದ ಐತಿ, ಆದ್ರ ವೆಜ್ ಕೇಳಿದ್ರ ಬ್ಯಾರೆ ತವಾ ಇಡ್ತಾನಂತ, ಅದನ್ನ ನಾವ ಮೊದಲ ಹೇಳಬೇಕು. ರಾಹಾಸ್ ಅಂದ ಕೂಡ್ಲೇ ಮಾರಿ ಅರಳಿತು ಅಂವಂದು, ಮೆನುದಾಗ ಇಲ್ಲ, ರವಿವಾರ ಅವ್ವನ್ನ ಕರ್ಕೊಂಡು ಬರ್ರಿ ಮಾಡಿಕೊಡ್ತೇನಿ ಅಂದ. ಮಾಮಾಗ ಈ ಪುರಾಣ ಎಲ್ಲಾ ಫಾರ್ವರ್ಡ್ ಮಾಡೇನಿ, ಬ್ಲೂ ಟಿಕ್ ಬಂದೈತಿ, ಉತ್ತರ ಬಂದಿಲ್ಲ.

ಇನ್ನೊಂದ ಕೇಳಬೇಕು. ನಮ್ಮವ್ವ ಸುಣ್ಣದ ಕಥಿ ಕೇಳಿ, ಎಲಿ ಅಡಿಕಿ ಸುಣ್ಣ ಮನ್ಯಾಗ ಐತಿ, ಗೋವಿನಜೋಳ ಕಾಕಾನ ಹೊಲದಾಗ ಐತಿ, ನಾವ ಮಾಡೂಣು ಅಂತಾಳ. ನಡೀತೈತಿ? ಎಷ್ಟು ಹಾಕಬೇಕು?

ಬೆಟಗೇರಿ ಬಾಣಸಿಗ

ನಡೀತೈತಿ, ಆದ್ರ ಬಣ್ಣ, ವಾಸನಿ ಹಾಕಿದ ಟ್ಯೂಬ್ ಸುಣ್ಣ ಬ್ಯಾಡ, ಸಾದಾ ತಿನ್ನೂ ಸುಣ್ಣನ ಬೇಕು, ಗೋಡಿಗೆ ಹಚ್ಚೂದನ್ನಂತೂ ಮುಟ್ಟಬ್ಯಾಡ್ರಿ. ಒಂದು ಕಿಲೋ ಒಣಾ ಕಾಳಿಗೆ ಒಣಾ ಪುಡಿ ಆದ್ರ 10 ಗ್ರಾಂ, ಅವ್ವಾರ ಡಬ್ಬಿದು ನೀರು ಕೂಡಿದ್ದು ಇರ್ತೈತಿ, ಅದಕ್ಕ ಸ್ವಲ್ಪ ಜಾಸ್ತಿ ಹಿಡೀರಿ. ಮೂರು ಲೀಟರ್ ನೀರಾಗ ಕದಡಿ ಕಾಳು ಹಾಕಿ ಸಣ್ಣ ಉರಿ ಮ್ಯಾಲ ಅರ್ಧಾ ಮುಕ್ಕಾಲು ತಾಸು ಕುದಿಸ್ರಿ, ಬೆರಳಿಂದ ತಿಕ್ಕಿದ್ರ ಸಿಪ್ಪಿ ಜಾರಬೇಕು, ನಡುವ ಇನ್ನೂ ಗಟ್ಟಿ ಇರಬೇಕು. ಮುಚ್ಚಿ ರಾತ್ರಿ ಪೂರಾ ಬಿಡ್ರಿ. ಮುಂಜಾನಿ ನೀರು ಚೆಲ್ಲಿ, ತಿಕ್ಕಿ ತಿಕ್ಕಿ ತೊಳೀರಿ, ಆಮ್ಯಾಲೆ ರುಬ್ಬೂದು. ಮಿಕ್ಸರ್ ಜಾರ್‌ನ್ಯಾಗ ಆಗಂಗಿಲ್ಲ, ಬಿಸಿ ಆಗಿ ನಿಂತ ಬಿಡ್ತೈತಿ. ದ್ವಾಸಿ ಗ್ರೈಂಡರ್ ಕಲ್ಲಿನ್ಯಾಗ ನೀರು ಚಿಮುಕಿಸಿಕೋತ ಸ್ವಲ್ಪ ಸ್ವಲ್ಪ ಹಾಕ್ರಿ, ತೆಳ್ಳಗಾತು ಅನಿಸಿದ್ರ ಒಂದೆರಡು ಹಿಡಿ ಗೋವಿನಜೋಳದ ಹಿಟ್ಟು ಕೂಡಿಸ್ರಿ. ಕಾಕಾನ ಕಾಳು ಬೂಷ್ಟು ಹಿಡದಿರಬಾರದು, ಬೀಜಕ್ಕ ಇಟ್ಟ ಔಷಧಿ ಹಚ್ಚಿದ್ದಂತೂ ಬ್ಯಾಡವೇ ಬ್ಯಾಡ, ಅದನ್ನ ಒಂದ ಮಾತು ಕೇಳಿ ತರ್ರಿ. ಮತ್ತ ಅಲ್ಯುಮಿನಿಯಂ ಪಾತೇಲಿ ಇಡಬ್ಯಾಡ್ರಿ, ಸುಣ್ಣಾ ಅದನ್ನ ತಿಂತೈತಿ, ಸ್ಟೀಲಿಂದ ಇಡ್ರಿ.